ಕುನ್ನಿ ಬಾಯಲ್ಲಿ ಎಂಥದದು?

ಬೆಂಗಳೂರಿನ ನಾಯಿ ತಿನ್ನಬಾರದ್ದು ಏನೇನು ತಿನ್ನುತ್ತದೋ ಕಾರವಾರದ ನಾಯಿಯೂ ಅದನ್ನೆಲ್ಲ ತಿನ್ನುತ್ತದೆ: ಕಾಲುಚೀಲ, ರಿಮೋಟಿನ ಗುಂಡಿ, ಮಕ್ಕಳ ರಬ್ಬರು, ಚಪ್ಪಲಿಯ ಉಂಗುಟ. ಕರಾವಳಿಯ ನಾಯಿಗೆ ಅದರ ಮೇಲೆ ಇನ್ನೊಂದು ಪಟ್ಟಿ ಇದೆ. ಬೈತಖೋಲ ಬಂದರಿನ ಬದಿಗೆ ಬಿದ್ದ ಬಲೆಯ ತುಂಡು. ಹಾರವಾಡ, ಕೇಣಿಯ ಕಡೆ ಮೀನು ಒಣಹಾಕಿದ ಜಾಗದ ಮರಳು. ಟ್ಯಾಗೋರ್ ಕಡಲತೀರದಲ್ಲಿ ಯಾರೋ ತಿಂದು ಎಸೆದ ಮೆಕ್ಕೆಜೋಳದ ದಿಂಡು, ಗೋಬಿ ಮಂಚೂರಿಗೆ ಚುಚ್ಚಿದ ಕಡ್ಡಿ. ಹಿತ್ತಲಿನ ತೆಂಗಿನ ಸಿಪ್ಪೆ, ಅಡುಗೆಮನೆಯ ಹಿಂದೆ ಸುರಿದ ಬಳಚಿನ ಚಿಪ್ಪು. ಮೇ ತಿಂಗಳು ಬಂತೆಂದರೆ ಮಾವಿನ ಗೊರಟೆ.

ಮನೆಗೆ ಹೊಸದಾಗಿ ಕುನ್ನಿ ತಂದವರು ತಿಂಗಳೆರಡು ಕಳೆಯುವುದರೊಳಗೆ ಪಶು ಆಸ್ಪತ್ರೆಯಲ್ಲಿ ಕೇಳತೊಡಗುತ್ತಾರೆ: ‘ಡಾಕ್ಟ್ರೇ, ಕಂಡಿದ್ದೆಲ್ಲ ತಿಂತದೆ. ಇದಕ್ಕೆ ಎಂಥಾದ್ರೂ ಔಷಧ ಇದ್ಯಾ?’ ಕೆಲವಕ್ಕೆ ಔಷಧ ಇದೆ, ಅದನ್ನು ಮುಂದೆ ನೋಡೋಣ. ಹೆಚ್ಚಿನವಕ್ಕೆ ಬೇಕಾದದ್ದು ಪೊರಕೆ, ತಾಳ್ಮೆ ಮತ್ತು ಒಂದು ಡಬ್ಬಿ ರುಚಿಯಾದ ತಿಂಡಿ. ಮರಿ ಯಾವುದನ್ನಾದರೂ ಬಾಯಿಗೆ ಹಾಕುವುದು ಹುಟ್ಟುಗುಣ. ಹಾಕಿದ್ದನ್ನು ಗಬಕ್ಕನೆ ನುಂಗುವುದು ಬಹಳ ಸಲ ನಾವೇ ಕಲಿಸಿದ ಗುಣ.

ಹೇಗೆಂದರೆ, ಆರು ತಿಂಗಳ ಲ್ಯಾಬ್ರಡಾರ್ ಒಂದು ಕಾಲುಚೀಲ ಕಚ್ಚಿಕೊಂಡು ಹಾಲ್‌ಗೆ ಬಂತು ಎಂದುಕೊಳ್ಳಿ. ಬಾಲ ಆಡುತ್ತಿದೆ, ನುಂಗುವ ಯೋಚನೆ ಅದಕ್ಕಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ಕೂಗು: ‘ಏ, ಹಿಡೀರೋ ಅದ್ರ!’ ಮಗ ಸೋಫಾದ ಈ ಕಡೆಯಿಂದ, ಅಪ್ಪ ಆ ಕಡೆಯಿಂದ. ನಾಯಿ ಮಂಚದ ಕೆಳಗೆ ನುಗ್ಗುತ್ತದೆ. ಅಪ್ಪ ಮೊಣಕಾಲೂರಿ ಕೈ ಚಾಚುತ್ತಾರೆ. ನಾಯಿಗೆ ಇರುವುದು ಎರಡು ದಾರಿ: ಸಿಕ್ಕಿದ್ದನ್ನು ಕಳೆದುಕೊಳ್ಳುವುದು ಅಥವಾ ಯಾರಿಗೂ ಸಿಗದ ಜಾಗದಲ್ಲಿ ಇಡುವುದು. ಯಾರಿಗೂ ಸಿಗದ ಜಾಗ ಹೊಟ್ಟೆಯೊಂದೇ. ಎರಡು ಸಲ ತಲೆ ಕೊಡವಿತು, ಕಾಲುಚೀಲ ಹೋಯಿತು. ಇದು ನಾಲ್ಕಾರು ಸಲ ನಡೆದರೆ ಮುಂದೆ ಅಟ್ಟಿಸಿಕೊಂಡು ಹೋಗಬೇಕೆಂದೇ ಇಲ್ಲ. ನೀವು ಎದ್ದು ನಿಂತಿರೆಂದರೆ ಸಾಕು, ಅದು ನುಂಗಿರುತ್ತದೆ.

ಹಲ್ಲು, ಮೂಗು, ಬೇಸರ

ಮರಿಗೆ ಮೊದಲು ಬರುವುದು 28 ಹಾಲುಹಲ್ಲು. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಅವು ಉದುರತೊಡಗುತ್ತವೆ. ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲುಗಳ ಸಾಲು ಪೂರ್ತಿಯಾಗುತ್ತದೆ. ಈ ನಡುವೆ ಒಸಡು ಕೆರೆಯುತ್ತದೆ, ನೋಯುತ್ತದೆ. ಅಗಿದರೆ ಹಿತ. ಹಲ್ಲು ಬಂದ ಮೇಲೂ ಲ್ಯಾಬ್ರಡಾರ್‌ನಂಥ ತಳಿಗಳು ಒಂದೂವರೆ ವರ್ಷದವರೆಗೆ ಅಗಿಯುವ ಹುಚ್ಚು ಬಿಡುವುದಿಲ್ಲ. ಕೈಯಿಲ್ಲದ ಪ್ರಾಣಿ, ಲೋಕವನ್ನು ಬಾಯಿಂದಲೇ ಮುಟ್ಟಿ ನೋಡಬೇಕು.

ರುಚಿಯ ವಿಷಯದಲ್ಲಿ ನಾಯಿ ನಮ್ಮಷ್ಟು ನಾಜೂಕಲ್ಲ. ಮನುಷ್ಯರ ನಾಲಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಗೆ ಸುಮಾರು 1,700. ಅದು ತಿನ್ನುವುದು ಹೆಚ್ಚುಕಡಿಮೆ ಮೂಗಿನಿಂದ. ಬಂಗಡೆ ಕಟ್ಟಿ ತಂದ ಪ್ಲಾಸ್ಟಿಕ್ ಚೀಲವನ್ನು ನೀವು ಎಷ್ಟೇ ತೊಳೆದು ಮಡಚಿಟ್ಟರೂ ಅದರ ಮೂಗಿಗೆ ಅದು ಬಂಗಡೆಯೇ. ತಾರ್ಲೆ ಒಣಹಾಕಿದ ಜಾಗದ ಮರಳಿಗೆ ಮೀನಿನ ಎಣ್ಣೆ ಇಳಿದಿರುತ್ತದೆ. ಕುನ್ನಿ ಅದನ್ನು ನೆಕ್ಕುತ್ತ ನೆಕ್ಕುತ್ತ ಮುಷ್ಟಿ ಮರಳು ಒಳಗೆ ಹಾಕಿಕೊಳ್ಳುತ್ತದೆ. ಮರಳು ಸ್ವಲ್ಪವಾದರೆ ಮಲದಲ್ಲಿ ಹೋಗುತ್ತದೆ. ಜಾಸ್ತಿಯಾದರೆ ಕರುಳಿನಲ್ಲಿ ಗಟ್ಟಿಯಾಗಿ ಕೂತು ದಾರಿ ಮುಚ್ಚುತ್ತದೆ. ಸಮುದ್ರದ ಬದಿಗೆ ಒದ್ದೆ ಚೆಂಡು ಎಸೆದು ಆಡಿಸುವವರೂ ಇದನ್ನು ನೆನಪಿಡಬೇಕು: ಚೆಂಡು ಹಿಡಿದಷ್ಟು ಸಲವೂ ಒಂದಿಷ್ಟು ಮರಳು ಹೊಟ್ಟೆಗೆ.

ಲ್ಯಾಬ್ರಡಾರ್ ಸಾಕಿದವರಿಗೆ ಒಂದು ಸಮಾಧಾನದ ಮಾತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲೆನಾರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ‘ಪಿಒಎಂಸಿ’ ಎಂಬ ಜೀನಿನ ಒಂದು ತುಣುಕು ಇಲ್ಲ. ಆ ಜೀನಿಗೆ ಹಸಿವು ತಣಿದ ಸಂದೇಶದೊಂದಿಗೆ ನಂಟು ಇದೆ. ಅಂಥ ನಾಯಿ ಊಟವಾದ ಅರ್ಧ ಗಂಟೆಗೇ ಮತ್ತೆ ತಟ್ಟೆ ಹುಡುಕುತ್ತದೆ. ಅದು ದುರಾಸೆಯದ್ದಲ್ಲ, ಪಾಪ, ಹಸಿದದ್ದು. ಕಸದ ಬುಟ್ಟಿಯ ಮುಚ್ಚಳ ಭದ್ರ ಮಾಡಬೇಕಾದ್ದು ನಮ್ಮ ಕೆಲಸ.

ಇನ್ನು ಬೇಸರ. ಕಾರವಾರ, ಅಂಕೋಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ನಾಯಿ ಜಗಲಿಯಲ್ಲಿ ಬಂದಿ. ಕಾಲೊರೆಸುವ ಚಾಪೆಯ ಅಂಚು ಬಿಚ್ಚುವುದು, ಕುರ್ಚಿಯ ಬೆತ್ತ ಕೀಳುವುದು, ಪ್ಲಾಸ್ಟಿಕ್ ಕೊಡಪಾನದ ಕಂಠ ಕಚ್ಚುವುದು ಇವೆಲ್ಲ ಆಗ ಶುರುವಾಗುವ ಉದ್ಯೋಗಗಳು. ಹಿಂದೆ ನಾಯಿ ಅಂಗಳದ ಪ್ರಾಣಿಯಾಗಿತ್ತು, ಗದ್ದೆ ಬಯಲು ಸುತ್ತಿ ಬರುತ್ತಿತ್ತು. ಈಗ ಕಾಜುಬಾಗ, ಕೋಡಿಬಾಗದ ಫ್ಲ್ಯಾಟುಗಳಲ್ಲಿ, ಕೈಗಾ ಅಣುಸ್ಥಾವರದವರ ಮಲ್ಲಾಪುರದ ಕಾಲೊನಿಯಲ್ಲಿ, ನೌಕಾನೆಲೆಯ ವಸತಿಗಳಲ್ಲಿ ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಅದು ಟೈಲ್ಸಿನ ಮೇಲೆ ಒಂಟಿ. ‘ಆಗಿನ ನಾಯಿಗಳಿಗೆ ಇಂಥ ರೋಗವೇ ಇರಲಿಲ್ಲ’ ಎಂದು ಹಿರಿಯರು ಹೇಳುವುದಿದೆ. ನಾನು ಒಪ್ಪುವುದಿಲ್ಲ. ಆಗ ಗೊರಟೆ ನುಂಗಿ ಹಿತ್ತಲಲ್ಲಿ ಸತ್ತ ಮರಿಗಳ ಲೆಕ್ಕ ಯಾರೂ ಇಟ್ಟಿರಲಿಲ್ಲ, ಅಷ್ಟೇ.

ಒಸಡು ನೋಡಿ, ಆಮೇಲೆ ಬೈಯಿರಿ

ಕೆಲವು ನಾಯಿಗಳು ಅಗಿದು ಉಗುಳುವುದಿಲ್ಲ, ಹುಡುಕಿ ಹುಡುಕಿ ತಿನ್ನುತ್ತವೆ. ಮಣ್ಣು, ಇದ್ದಿಲು, ಸುಣ್ಣದ ಗೋಡೆ, ಚಿರೇಕಲ್ಲಿನ ಪುಡಿ. ಪಶುವೈದ್ಯರು ಪೈಕಾ ಎಂದು ಕರೆಯುವ ಈ ಚಟದ ಹಿಂದೆ ಬಹಳ ಸಲ ಒಂದು ಕಾಯಿಲೆ ಇರುತ್ತದೆ. ‘ಕ್ಯಾಲ್ಸಿಯಂ ಕಮ್ಮಿ ಆಗಿದೆ’ ಎಂದು ಅಂಗಡಿಯಿಂದ ಸಿರಪ್ ತಂದು ಕುಡಿಸುವುದು ನಮ್ಮ ಕಡೆ ಸಾಮಾನ್ಯ. ಅದಕ್ಕಿಂತ ಮೊದಲು ನಾಯಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ಒಸಡಿನ ಬಣ್ಣ ನೋಡಿ. ತಿಳಿಗೆಂಪು ಇದ್ದರೆ ಸರಿ. ಬೆಳ್ಳಗೆ ಕಾಗದದ ಬಣ್ಣಕ್ಕೆ ತಿರುಗಿದ್ದರೆ ಅದು ರಕ್ತಹೀನತೆ. ರಕ್ತ ಕಡಿಮೆಯಾದ ನಾಯಿ ಮಣ್ಣು ತಿನ್ನುತ್ತದೆ, ಕಲ್ಲು ನೆಕ್ಕುತ್ತದೆ.

ಮರಿಯ ರಕ್ತ ಹೀರುವ ಇಬ್ಬರು ಕಳ್ಳರು ಕರಾವಳಿಯಲ್ಲಿ ಬಲು ಸುಲಭಕ್ಕೆ ಸಿಗುತ್ತಾರೆ. ಒಂದು ಕೊಕ್ಕೆಹುಳು. ಬೆಚ್ಚಗಿನ, ತೇವದ, ಮರಳುಮಿಶ್ರಿತ ನೆಲ ಅದರ ಮರಿಗಳಿಗೆ ಹೇಳಿ ಮಾಡಿಸಿದ ಜಾಗ; ಅವು ಬಾಯಿಂದಲೂ ಹೋಗುತ್ತವೆ, ಪಾದದ ಚರ್ಮ ಕೊರೆದೂ ಒಳಸೇರುತ್ತವೆ, ತಾಯಿಯ ಹಾಲಿನಲ್ಲೂ ಬರುತ್ತವೆ. ಇನ್ನೊಂದು ಉಣ್ಣೆ. ರಕ್ತ ಹೀರುವುದು ಸಾಲದೆಂದು ಅದು ರಕ್ತಕಣಗಳನ್ನು ಹಾಳುಮಾಡುವ ಜ್ವರಗಳನ್ನೂ ಅಂಟಿಸಿ ಹೋಗುತ್ತದೆ. ಮರಿಗೆ ಎರಡು ವಾರದಿಂದ ಎರಡು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧ ಕೊಡಿಸುವುದು ರೂಢಿ. ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ, ಅದನ್ನು ಡಾಕ್ಟರೇ ಹೇಳಬೇಕು.

ಊಟವೂ ಒಂದು ಕಾರಣ. ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಮೀನಿನ ಸಾರು, ಭಾನುವಾರ ಕೋಳಿ ಎಲುಬು ಎಂಬ ಪದ್ಧತಿಯಲ್ಲಿ ಬೆಳೆಯುವ ಮರಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅನ್ನವೇ ಮುಖ್ಯವಾದ ಊಟದಲ್ಲಿ ಸುಣ್ಣದಂಶವೂ ಪ್ರೋಟೀನೂ ಸಾಲದೆ ಬರುತ್ತವೆ. ಬೇಯಿಸಿದ ಎಲುಬಂತೂ ಚೂರು ಚೂರಾಗಿ ಸೀಳಿ ಕರುಳಿಗೆ ಚುಚ್ಚುವ ವಸ್ತು. ಇದಲ್ಲದೆ ಮೇದೋಜೀರಕ ಗ್ರಂಥಿಯ ತೊಂದರೆ, ಯಕೃತ್ತಿನ ರಕ್ತನಾಳದ ಹುಟ್ಟುದೋಷ, ಕರುಳಿನ ಹಳೇ ಉರಿಯೂತ, ತುರಿಕೆಗೆಂದು ಕೊಟ್ಟ ಸ್ಟೀರಾಯ್ಡ್ ಮಾತ್ರೆ ಇವೂ ಸಿಕ್ಕಿದ್ದನ್ನೆಲ್ಲ ತಿನ್ನಿಸುತ್ತವೆ. ನಾಯಿ ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ, ಮಲ ರಾಶಿಗಟ್ಟಲೆ ಹೋಗುತ್ತಿದ್ದರೆ ತರಬೇತಿಯ ಮಾತು ಆಮೇಲೆ, ಮೊದಲು ರಕ್ತ ಮತ್ತು ಮಲ ಪರೀಕ್ಷೆ. ಹುಲ್ಲು ತಿನ್ನುವುದಕ್ಕೆ ಮಾತ್ರ ಗಾಬರಿ ಬೇಡ, ಅದು ನಾಯಿಗಳು ಯಾವತ್ತೂ ಮಾಡುವ ಕೆಲಸ. ಕೀಟನಾಶಕ ಹೊಡೆದ ಹುಲ್ಲು ಆಗದಿದ್ದರಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಬೇಕು. ಇಲ್ಲಿಯವರೆಗೆ ಸರಿಯಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕೋಲು, ಕಲ್ಲು, ಮಣ್ಣನ್ನು ಕಚ್ಚಿ ನುಂಗತೊಡಗಿದರೆ, ಜೊತೆಗೆ ಅದರ ಸ್ವಭಾವ ಬದಲಾಗಿದ್ದರೆ, ಬೊಗಳುವ ಸ್ವರ ಒಡೆದಿದ್ದರೆ, ಜೊಲ್ಲು ಸುರಿಯುತ್ತ ಕೆಳದವಡೆ ಜೋತುಬಿದ್ದಿದ್ದರೆ ಅದು ರೇಬೀಸ್ ಆಗಿರಬಹುದು. ‘ಗಂಟಲಲ್ಲಿ ಎಲುಬು ಸಿಕ್ಕಿದೆ, ತೆಗೀತೇನೆ’ ಎಂದು ಬಾಯೊಳಗೆ ಕೈಹಾಕುವುದು ಆಗ ಪ್ರಾಣಕ್ಕೇ ಎರವು. ದೂರ ನಿಲ್ಲಿ, ನಾಯಿಯನ್ನು ಒಂದು ಕೋಣೆಯಲ್ಲಿ ಕೂಡಿ ಹಾಕಿ, ಪಶುವೈದ್ಯರಿಗೆ ಫೋನ್ ಮಾಡಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಬೇಕು. ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಡಾಕ್ಟರು ಹೇಳಿದಾಗ ಎರಡನೆಯದು, ಮುಂದೆ ವರ್ಷ ವರ್ಷ. ಇದರಲ್ಲಿ ರಿಯಾಯಿತಿ ಇಲ್ಲ.

‘ಬಿಡು’ ಎಂಬ ಪಾಠ

ಕಾಯಿಲೆ ಇಲ್ಲ ಎಂದು ಗೊತ್ತಾದ ಮೇಲೆ ಉಳಿಯುವುದು ಮನೆ ಮತ್ತು ಪಾಠ. ಮನೆಯ ಕೆಲಸ ಮೊದಲು. ನಾಯಿಯ ಎತ್ತರಕ್ಕೆ ಬಗ್ಗಿ, ಮನೆಯನ್ನು ಒಂದು ಸುತ್ತು ನೋಡಿ ಬನ್ನಿ. ಟೀವಿ ಸ್ಟ್ಯಾಂಡಿನ ಕೆಳಗಿನ ಬಟನ್ ಸೆಲ್, ಕಪಾಟಿನ ಮೂಲೆಯ ಡಾಂಬರು ಗುಳಿಗೆ, ಕಿಟಕಿಯ ಬಳಿಯ ಸೊಳ್ಳೆಬತ್ತಿ, ಅಟ್ಟದ ಮೆಟ್ಟಿಲಲ್ಲಿ ಇಟ್ಟ ಇಲಿಪಾಷಾಣ, ತೋಟಕ್ಕೆ ಕದಡಿ ಉಳಿದ ಮೈಲುತುತ್ತದ ಪೊಟ್ಟಣ. ಇವು ಹೊಟ್ಟೆಯಲ್ಲಿ ಬರೀ ಸಿಕ್ಕಿಕೊಳ್ಳುವ ವಸ್ತುಗಳಲ್ಲ, ನೇರ ವಿಷ. ಬಟನ್ ಸೆಲ್ ಅನ್ನನಾಳದಲ್ಲಿ ನಿಂತರೆ ಕೆಲವೇ ತಾಸಿನಲ್ಲಿ ಸುಟ್ಟು ತೂತು ಮಾಡುತ್ತದೆ. ಡಾಂಬರು ಗುಳಿಗೆ ರಕ್ತಕಣ ಒಡೆಯುತ್ತದೆ.

ದೇವರ ಫೋಟೋಕ್ಕೆ ಹಾಕಿದ ಅಬ್ಬಲಿಗೆ ದಂಡೆಯನ್ನು ಬಾಡಿದ ಮೇಲೆ ಎಲ್ಲಿ ಎಸೆಯುತ್ತೀರಿ ಎನ್ನುವುದೂ ಮುಖ್ಯ. ಹಿಂದೆ ಅದನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ನಾರು ಹೊಟ್ಟೆಯಲ್ಲಿ ಮೆತ್ತಗಾಗಿ ತುಂಡಾದೀತು. ಈಗಿನದು ಗಟ್ಟಿ ದಾರ. ದಾರ, ಬಲೆಯ ನೂಲು, ಕ್ಯಾಸೆಟ್ಟಿನ ಟೇಪು, ಕಾಲುಚೀಲದ ಎಳೆ ಇವೆಲ್ಲ ಒಂದೇ ಜಾತಿಯ ಶತ್ರುಗಳು. ದಾರದ ಒಂದು ತುದಿ ಜಠರದ ಬಾಗಿಲಲ್ಲಿ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿನೊಳಗೆ ಇಳಿಯುತ್ತದೆ. ಕರುಳು ಅದನ್ನು ಮುಂದೆ ನೂಕಲು ನೋಡುತ್ತದೆ, ಅದು ಹೋಗುವುದಿಲ್ಲ. ಲಾಡಿ ಎಳೆದ ಪೈಜಾಮದ ಹಾಗೆ ಕರುಳೇ ದಾರದ ಮೇಲೆ ನೆರಿಗೆ ಕಟ್ಟಿಕೊಳ್ಳುತ್ತದೆ. ಬಿಗಿದ ದಾರ ನೆರಿಗೆಯ ಒಳಬದಿಯನ್ನು ಕೊಯ್ಯುತ್ತದೆ. ನಾಯಿಯ ಗುದದಲ್ಲಿ ದಾರದ ತುದಿ ಕಂಡರೆ ಎಳೆಯಬಾರದು ಎಂದು ವೈದ್ಯರು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಇನ್ನು ಪಾಠ. ಕಾರವಾರದ ಮನೆಗಳಲ್ಲಿ ಒಂದು ವಿಶೇಷ ತೊಡಕಿದೆ. ಅಜ್ಜಿ ಕೊಂಕಣಿಯಲ್ಲಿ ‘ಸೋಡ್’ ಅನ್ನುತ್ತಾರೆ, ಅಪ್ಪ ಕನ್ನಡದಲ್ಲಿ ‘ಬಿಡು’ ಅನ್ನುತ್ತಾರೆ, ಮಕ್ಕಳು ಯೂಟ್ಯೂಬ್ ನೋಡಿ ‘ಡ್ರಾಪ್ ಇಟ್’ ಅನ್ನುತ್ತಾರೆ. ನಾಯಿ ಪಾಪ ಮೂವರ ಮುಖವನ್ನೂ ನೋಡಿ ನುಂಗುತ್ತದೆ. ಯಾವ ಭಾಷೆಯಾದರೂ ಸರಿ, ಮನೆಮಂದಿಯೆಲ್ಲ ಒಂದೇ ಶಬ್ದಕ್ಕೆ ಒಪ್ಪಿಕೊಳ್ಳಿ.

ಮುಷ್ಟಿಯಲ್ಲಿ ಅದಕ್ಕೆ ಇಷ್ಟವಾದ ತಿಂಡಿ ಹಿಡಿಯಿರಿ. ಎಲುಬಿಲ್ಲದ ಬೇಯಿಸಿದ ಕೋಳಿ ಚೂರು ಆಗುತ್ತದೆ, ಉಪ್ಪು ಹಾಕದ ಬೇಯಿಸಿದ ಮೀನಿನ ತುಣುಕನ್ನು ಮುಳ್ಳು ತೆಗೆದು ಕೊಡಬಹುದು. ಒಣಮೀನು ಬೇಡ, ಉಪ್ಪು ವಿಪರೀತ. ಮುಚ್ಚಿದ ಮುಷ್ಟಿಯನ್ನು ನಾಯಿಯ ಮೂಗಿನ ಮುಂದೆ ಹಿಡಿಯಿರಿ. ಅದು ಮೂಸುತ್ತದೆ, ನೆಕ್ಕುತ್ತದೆ, ಮುಂಗಾಲಿನಿಂದ ಕೆರೆಯುತ್ತದೆ, ಹಲ್ಲಿನಿಂದ ಮೆಲ್ಲಗೆ ಕಡಿಯಲೂ ನೋಡುತ್ತದೆ. ನೀವು ಮಾತಾಡಬೇಡಿ, ಕೈಯನ್ನೂ ಹಿಂದೆಗೆಯಬೇಡಿ. ಒಂದು ಗಳಿಗೆಗೆ ಅದಕ್ಕೆ ಸಾಕೆನಿಸಿ ಮೂಗು ಹಿಂದಕ್ಕೆ ಹೋಗುತ್ತದೆ. ಆ ಕ್ಷಣವೇ ‘ಹಾಂ’ ಎಂದು ಇನ್ನೊಂದು ಕೈಯಿಂದ ಬೇರೆ ತುಣುಕು ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಯಾವತ್ತೂ ಕೊಡಬಾರದು. ಬಿಟ್ಟರೆ ಬೇರೆ ಕಡೆಯಿಂದ ಒಳ್ಳೆಯದು ಬರುತ್ತದೆ ಎನ್ನುವುದೇ ಪಾಠ. ಹತ್ತಿಪ್ಪತ್ತು ಸಲಕ್ಕೆ ಅದು ಮುಷ್ಟಿ ಕಂಡ ಕೂಡಲೇ ಮುಖ ತಿರುಗಿಸತೊಡಗುತ್ತದೆ. ಆಗ ‘ಬಿಡು’ ಶಬ್ದ ಸೇರಿಸಿ. ಮುಂದೆ ತಿಂಡಿ ನೆಲದ ಮೇಲೆ ಬರಲಿ, ಪಾದದಿಂದ ಮುಚ್ಚಲು ಸಿದ್ಧವಿರಿ. ಆಮೇಲೆ ಚಪ್ಪಲಿ, ಕಾಲುಚೀಲ. ಕೊನೆಗೆ ಹಗ್ಗ ಹಿಡಿದು ರಸ್ತೆ. ದಿನಕ್ಕೆ ಎರಡು ಸಲ ಐದೈದು ನಿಮಿಷ ಸಾಕು. ಮರಿ ಸುಸ್ತಾದ ಮೇಲೆ ಕಲಿಸುವುದು ವ್ಯರ್ಥ.

ಈಗಾಗಲೇ ಬಾಯಲ್ಲಿ ಏನೋ ಇದೆ, ಏನು ಮಾಡುವುದು? ಅದರ ಕಡೆಗೆ ಹೋಗಬೇಡಿ. ಫ್ರಿಜ್ಜಿನ ಕಡೆಗೆ ಹೋಗಿ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿ, ನಾಲ್ಕೈದು ತುಣುಕನ್ನು ನೆಲಕ್ಕೆ ಚೆಲ್ಲಿ. ಅದು ಬಾಯಲ್ಲಿದ್ದದ್ದನ್ನು ಬಿಟ್ಟು ತುಣುಕು ಹುಡುಕುವಾಗ ಸಾವಧಾನವಾಗಿ ವಸ್ತುವನ್ನು ಎತ್ತಿಕೊಳ್ಳಿ. ಅಪಾಯವಿಲ್ಲದ ವಸ್ತುವಾದರೆ ಆಗಾಗ ಮರಳಿ ಕೊಡಿ. ಕೊಟ್ಟದ್ದೆಲ್ಲ ಹೋಗಿಬಿಡುವುದಿಲ್ಲ ಎಂಬ ನಂಬಿಕೆ ಅದಕ್ಕೆ ಬರಬೇಕು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ನಾಯಿ ಸಾಕಿದವರನ್ನು ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನ್ನುವಾಗ ತಟ್ಟೆ ಎತ್ತಿಕೊಳ್ಳುವ ಮನೆಗಳ ನಾಯಿಗಳಲ್ಲಿ ತಟ್ಟೆ ಕಾಯುತ್ತ ಗುರ್ ಎನ್ನುವ ಗುಣ ಹೆಚ್ಚು ಕಂಡಿತ್ತು, ತಿನ್ನುವಾಗ ರುಚಿಯಾದದ್ದನ್ನು ಇನ್ನಷ್ಟು ಹಾಕುವ ಮನೆಗಳಲ್ಲಿ ಕಡಿಮೆ. ‘ನಾಯಿಗೆ ಯಜಮಾನ ಯಾರೆಂದು ಗೊತ್ತಾಗಬೇಕು’ ಎಂದು ತಟ್ಟೆ ಕಸಿಯುವವರು ಇದನ್ನು ಯೋಚಿಸಬೇಕು.

ಹೊಡೆತದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಂಜೆ ಮನೆಗೆ ಬಂದು ಚೂರಾದ ಚಪ್ಪಲಿ ತೋರಿಸಿ ಗದರಿದಾಗ ನಾಯಿ ಕಿವಿ ಹಿಂದೆ ಮಾಡಿ ತಲೆ ತಗ್ಗಿಸುತ್ತದಲ್ಲ, ‘ತಪ್ಪು ಗೊತ್ತಾಗಿದೆ ಅದಕ್ಕೆ’ ಎನ್ನುತ್ತೇವೆ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ತೋರಿಸಿದ್ದು ಬೇರೆ: ಏನೂ ತಪ್ಪು ಮಾಡದ ನಾಯಿಯನ್ನು ಗದರಿದರೂ ಅದೇ ಮುಖ ಬರುತ್ತದೆ. ಅದು ನಿಮ್ಮ ಸಿಟ್ಟಿಗೆ ಹೆದರಿದ ಮುಖ. ಚಪ್ಪಲಿಗೆ ಮೆಣಸಿನ ಪುಡಿ ಹಚ್ಚುವ ಉಪಾಯವೂ ಬೇಡ. ಬಾಯಿ, ಕಣ್ಣು ಉರಿದು ನಾಯಿ ಒದ್ದಾಡುತ್ತದೆ, ಮಾರನೇ ದಿನ ಮೆಣಸಿಲ್ಲದ ಚಪ್ಪಲಿ ಹುಡುಕುತ್ತದೆ.

ಅಗಿಯಲು ಏನಾದರೂ ಕೊಡಲೇಬೇಕು. ಒಳಗೆ ಟೊಳ್ಳಿರುವ ದಪ್ಪ ರಬ್ಬರಿನ ಆಟಿಕೆಗೆ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಮಳೆಯ ಒಂದು ಮಧ್ಯಾಹ್ನ ಕಳೆಯುತ್ತದೆ. ತಣ್ಣನೆಯ ಗಜ್ಜರಿ ಹಲ್ಲು ಬರುವ ಮರಿಗೆ ಹಿತ. ಆಟಿಕೆ ಅದರ ಬಾಯಿಗಿಂತ ದೊಡ್ಡದಿರಲಿ, ಉಗುರು ಒತ್ತಿದರೆ ತುಸು ತಗ್ಗು ಬೀಳುವಷ್ಟು ಮೆದುವಿರಲಿ. ಅದಕ್ಕಿಂತ ಗಟ್ಟಿಯಾದರೆ ಹಲ್ಲು ಮುರಿಯುತ್ತದೆ. ಅಂಗಡಿಯ ಹಗ್ಗದ ಆಟಿಕೆ ನನಗೆ ಇಷ್ಟವಿಲ್ಲ, ಎಳೆ ಬಿಚ್ಚಿಕೊಂಡರೆ ಮತ್ತೆ ಅದೇ ದಾರದ ಕಥೆ. ತೆಂಗಿನ ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಕೊಡುವವರಿದ್ದಾರೆ. ಅದರ ನಾರು ಜೀರ್ಣವಾಗುವುದಿಲ್ಲ, ಜಠರದಲ್ಲಿ ಹೆಣೆದುಕೊಂಡು ಉಂಡೆಯಾಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಒಣಗಿದ ತೆಂಗಿನ ಮಡಲನ್ನು ಅಂಗಳದಲ್ಲಿ ಹರಡಿ, ಅದರ ಸಂದಿಗಳಲ್ಲಿ ಊಟದ ಕಾಳುಗಳನ್ನು ಚೆಲ್ಲಿ ಹುಡುಕಲು ಬಿಡಿ. ಮೂಗಿನ ಕೆಲಸ ಕಾಲಿನ ಓಟಕ್ಕಿಂತ ಬೇಗ ದಣಿಸುತ್ತದೆ.

ಇಷ್ಟಾದರೂ ರಸ್ತೆಯಲ್ಲಿ ಕಲ್ಲು ನುಂಗುವ ನಾಯಿಗಳಿವೆ. ಅವಕ್ಕೆ ಬಾಯಿಕುಕ್ಕೆ. ಮಣ್ಣು ತಿನ್ನುವ ಕರುವಿಗೆ ನಮ್ಮ ರೈತರು ಹಾಕುತ್ತಿದ್ದದ್ದೇ. ನಾಯಿಗೆ ಬೇಕಾದದ್ದು ಜಾಲರಿ ಬುಟ್ಟಿಯಂಥದ್ದು. ಅದರೊಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗಬೇಕು. ಬಟ್ಟೆಯ ಪಟ್ಟಿಯಲ್ಲಿ ಬಾಯಿ ಬಿಗಿದರೆ ನಮ್ಮ ಸೆಕೆಯಲ್ಲಿ ನಾಯಿ ಉಸಿರುಗಟ್ಟಿ ಬೀಳುತ್ತದೆ. ನೋಡಿದವರು ‘ಕಚ್ಚುವ ನಾಯಿ’ ಎಂದುಕೊಂಡಾರು, ಎಂದುಕೊಳ್ಳಲಿ.

ಕಡಲ ಬದಿಗೆ ಹಗ್ಗ ಬಿಚ್ಚುವ ಆಸೆ ಎಲ್ಲರಿಗೂ ಇದೆ. ಮಳೆಗಾಲದ ಆರಂಭದಲ್ಲಿ ಸಮುದ್ರ ತಾನು ನುಂಗಿದ್ದನ್ನೆಲ್ಲ ತೀರಕ್ಕೆ ಕಾರುತ್ತದೆ: ಪ್ಲಾಸ್ಟಿಕ್, ಥರ್ಮಾಕೋಲ್, ಹರಿದ ನೈಲಾನ್ ಬಲೆ, ಡಾಂಬರಿನ ಉಂಡೆಗಳು. ಬಲೆಯಿಂದ ಬಿಡಿಸಿ ಎಸೆದ ಪಫರ್ ಮೀನು ಸತ್ತು ಬಿದ್ದಿದ್ದರೂ ವಿಷವೇ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವ ತೀರಗಳಲ್ಲಿ ನಾಯಿ ಬಿಟ್ಟರೆ ಗೂಡು ತೋಡುತ್ತದೆ, ಅದು ಬೇರೆ ಅನ್ಯಾಯ. ಹಗ್ಗ ಕೈಯಲ್ಲೇ ಇರಲಿ.

ನುಂಗಿಬಿಟ್ಟರೆ

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಮನೆಮನೆಯ ಮದ್ದು. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಊರು ಅಂಕೋಲೆ, ಉಪ್ಪಿನ ಮೇಲೆ ನಮಗೆ ಅಭಿಮಾನ ಇರುವುದು ಸಹಜ. ನಾಯಿಗೆ ಮಾತ್ರ ಅದು ಬೇಡ. ರಕ್ತದಲ್ಲಿ ಉಪ್ಪಿನಂಶ ಏರಿ ಮಿದುಳಿಗೆ ಪೆಟ್ಟಾಗುತ್ತದೆ, ನುಂಗಿದ ಗುಂಡಿಗಿಂತ ಉಪ್ಪೇ ಮೊದಲು ಕೊಲ್ಲಬಹುದು. ಕೊಬ್ಬರಿ ಎಣ್ಣೆ ಹೊಯ್ಯುವುದೂ ಅಷ್ಟೇ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ವಾಂತಿ ಮಾಡಿಸಬೇಕೋ ಬೇಡವೋ ಎನ್ನುವುದು ನುಂಗಿದ್ದು ಏನು ಎಂಬುದರ ಮೇಲೆ ನಿಲ್ಲುತ್ತದೆ. ಕಾಲುಚೀಲವಾದರೆ ವೈದ್ಯರು ಚುಚ್ಚುಮದ್ದು ಕೊಟ್ಟು ಕಕ್ಕಿಸಬಹುದು; ಅದಕ್ಕೆ ಇರುವ ಸಮಯ ಸುಮಾರು ಎರಡು ತಾಸು. ಗಾಳ, ಗಾಜು, ಮಂಚೂರಿ ಕಡ್ಡಿ, ಸೆಲ್, ಸೀಮೆಎಣ್ಣೆಯಾದರೆ ಕಕ್ಕಿಸಲೇಬಾರದು, ಬರುವ ದಾರಿಯಲ್ಲಿ ಇನ್ನೊಮ್ಮೆ ಕೊಯ್ಯುತ್ತದೆ, ಸುಡುತ್ತದೆ. ಗಾಳದ ದಾರ ಬಾಯಿಂದ ಹೊರಗೆ ಇಳಿಬಿದ್ದಿದ್ದರೆ ಎಳೆಯಬೇಡಿ, ಗಿಡ್ಡಕ್ಕೆ ಕತ್ತರಿಸಲೂಬೇಡಿ. ಕೊರಳಪಟ್ಟಿಗೆ ಸಡಿಲವಾಗಿ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ಗಾಳ ಎಲ್ಲಿದೆ ಎಂದು ಹುಡುಕಲು ವೈದ್ಯರಿಗೆ ಆ ದಾರವೇ ದಾರಿ.

ಗೊರಟೆಯ ಗುಣ ಬೇರೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಕರಿ ಇಷಾಡ ಮಾವಿನ ಋತುವಿನಲ್ಲಿ ಅಂಗಳದ ತುಂಬ ಅದೇ. ರಸ ಹತ್ತಿದ ಗೊರಟೆ ನಾಯಿಯ ಬಾಯಲ್ಲಿ ಜಾರಿ ಒಳಗೆ ಹೋಗುತ್ತದೆ. ಜಠರದಲ್ಲಿ ವಾರಗಟ್ಟಲೆ ಸುಮ್ಮನೆ ಕೂತಿದ್ದು, ಮಾವಿನ ಕಾಲವೇ ಮುಗಿದ ಮೇಲೆ ಒಂದು ದಿನ ಕರುಳಿಗೆ ಇಳಿದು ದಾರಿ ಮುಚ್ಚೀತು. ಆಗ ಯಾರಿಗೂ ಗೊರಟೆಯ ನೆನಪಿರುವುದಿಲ್ಲ. ಎಕ್ಸ್‌ರೇಯಲ್ಲಿ ಲೋಹ, ಕಲ್ಲು, ಎಲುಬು ಕಾಣುತ್ತವೆ. ಗೊರಟೆ, ಬಟ್ಟೆ, ಪ್ಲಾಸ್ಟಿಕ್ ಸ್ಪಷ್ಟವಾಗಿ ಕಾಣದಿರಬಹುದು, ಸ್ಕ್ಯಾನಿಂಗ್ ಬೇಕಾಗಬಹುದು. ಹಾಗಾಗಿ ಏನು ಕಾಣೆಯಾಗಿದೆ, ಯಾವಾಗಿನಿಂದ ಎಂದು ಮನೆಯವರು ಹೇಳುವ ಮಾತೇ ಅರ್ಧ ರೋಗಪತ್ತೆ. ಮಗುವಿನ ಕಾಲುಚೀಲ ಒಂಟಿಯಾಗಿದ್ದರೆ ಅದನ್ನೂ ಹೇಳಿ, ನಾಚಿಕೆ ಬೇಡ.

ಮತ್ತೆ ಮತ್ತೆ ವಾಂತಿ, ಕುಡಿದ ನೀರೂ ನಿಲ್ಲದಿರುವುದು, ಊಟ ಬಿಟ್ಟಿರುವುದು, ಮಲ ಹೋಗದೆ ಮುಕ್ಕುವುದು, ಮುಂಗಾಲು ಚಾಚಿ ಎದೆ ನೆಲಕ್ಕೆ ತಾಗಿಸಿ ಹಿಂಭಾಗ ಎತ್ತಿ ನಿಲ್ಲುವುದು ಇವು ಕರುಳು ಕಟ್ಟಿದ ಲಕ್ಷಣಗಳು. ನಾಳೆ ನೋಡೋಣ ಎನ್ನುವ ಹಾಗಿಲ್ಲ. ಕಟ್ಟಿದ ಜಾಗಕ್ಕೆ ರಕ್ತ ನಿಂತು ಕರುಳು ಕೊಳೆಯತೊಡಗಿದರೆ ಆ ತುಂಡನ್ನೇ ಕತ್ತರಿಸಿ ಜೋಡಿಸಬೇಕಾಗುತ್ತದೆ.

ನಮ್ಮ ಜಿಲ್ಲೆಯ ನಿಜವಾದ ಕಷ್ಟ ಇಲ್ಲಿದೆ. ತಾಲ್ಲೂಕಿಗೆ ಪಶು ಆಸ್ಪತ್ರೆ ಇದೆ, ಇಲಾಖೆಯ ಸಹಾಯವಾಣಿ 1962 ಇದೆ. ಅವೆಲ್ಲ ಮುಖ್ಯವಾಗಿ ದನಕರುಗಳಿಗೆಂದು ಕಟ್ಟಿದ ವ್ಯವಸ್ಥೆ. ರಾತ್ರಿ ಹತ್ತಕ್ಕೆ ನಾಯಿಯ ಹೊಟ್ಟೆ ತೆರೆಯಬೇಕೆಂದರೆ ಕಾರವಾರದವರು ಸುಮಾರು 70 ಕಿ.ಮೀ. ದೂರದ ಮಡಗಾಂವ್ ಕಡೆ ಮುಖ ಮಾಡುತ್ತಾರೆ, ಅಂಕೋಲೆಯವರು ಅರಬೈಲು ಘಟ್ಟ ಹತ್ತಿ 130 ಕಿ.ಮೀ. ಆಸುಪಾಸಿನ ಹುಬ್ಬಳ್ಳಿಗೆ ಹೊರಡುತ್ತಾರೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇನ್ನೂ ದೂರ. ಜಿಲ್ಲಾಕೇಂದ್ರದಲ್ಲಿ ರಾತ್ರಿಯೂ ತೆರೆದಿರುವ, ಸಣ್ಣ ಪ್ರಾಣಿಗಳ ಶಸ್ತ್ರಚಿಕಿತ್ಸೆಗೆ ಸಜ್ಜಾದ ಒಂದು ಕೇಂದ್ರ ಬೇಕೆಂದು ಕೇಳುವುದು ನಾಯಿ ಸಾಕುವವರ ಶೋಕಿ ಎಂದು ನನಗಂತೂ ಅನಿಸುವುದಿಲ್ಲ.

ಅದು ಬರುವವರೆಗೆ ಮಾಡಬಹುದಾದ ಒಂದು ಕೆಲಸವಿದೆ. ಈ ವಾರವೇ ನಿಮ್ಮ ಪಶುವೈದ್ಯರನ್ನು ಕೇಳಿ: ರಾತ್ರಿ ತೊಂದರೆಯಾದರೆ ಎಲ್ಲಿಗೆ ಹೋಗಬೇಕು, ಅಲ್ಲಿ ಎಕ್ಸ್‌ರೇ ಮತ್ತು ಅರಿವಳಿಕೆ ಎರಡೂ ಇವೆಯೇ, ಫೋನ್ ನಂಬರ್ ಏನು? ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕುನ್ನಿಗೆ ಎಟುಕದ ಎತ್ತರದಲ್ಲಿ.